ಗೀಸರ್ ಸೋರ್ತಿದೆಯಾ? ಮೆಕ್ಯಾನಿಕ್‌ಗೆ ಫೋನ್ ಮಾಡೋ ಮುಂಚೆ ಈ ನಾಲ್ಕು ಪರೀಕ್ಷೆ ಮಾಡಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

 

ಇವತ್ತಿನ ವಿಷಯ ಗೀಸರ್. ಅದರಲ್ಲೂ ಸೋರೋ ಗೀಸರ್. ಇದ್ರಲ್ಲಿ ಇಪ್ಪತ್ತು ನಿಮಿಷ ಮಾತಾಡೋಕೆ ಏನಿದೆ ಅಂತ ಅನ್ನಿಸಬಹುದು. ಇದೆ. ಬಾಡಿಗೆ ಮನೆಯಲ್ಲಿರೋ ನಮ್ಮ ವಯಸ್ಸಿನವರಿಗೆ ಈ ಸೋರಿಕೆ ಮೂರು ಪ್ರಶ್ನೆಗಳನ್ನ ಒಟ್ಟಿಗೆ ತರುತ್ತೆ. ಒಂದು, ಇದು ಅಪಾಯನಾ? ಎರಡು, ಎಷ್ಟು ಖರ್ಚಾಗುತ್ತೆ? ಮೂರು, ಆ ಖರ್ಚು ಯಾರದ್ದು, ನಂದಾ ಓನರ್ದಾ? ಈ ಮೂರಕ್ಕೂ ಉತ್ತರ ಒಂದೇ ವಿಷಯದಲ್ಲಿದೆ: ನೀರು ಎಲ್ಲಿಂದ ಬರ್ತಿದೆ ಅನ್ನೋದು. ಅದು ಗೊತ್ತಿಲ್ಲದೆ ಮೆಕ್ಯಾನಿಕ್‌ನ ಕರೆದ್ರೆ, ಅವರು ಏನು ಹೇಳ್ತಾರೋ ಅದೇ ಸತ್ಯ ಆಗುತ್ತೆ. ಇನ್ನೂರು ರೂಪಾಯಿ ಪೈಪಿನ ಕೆಲಸಕ್ಕೂ "ಟ್ಯಾಂಕ್ ಹೋಗಿದೆ ಸರ್, ಹೊಸದು ಹಾಕ್ಸಿಬಿಡಿ" ಅಂದ್ರೆ ನಾವು ತಲೆ ಆಡಿಸಿಬಿಡ್ತೀವಿ.

ಇವತ್ತು ರಿಪೇರಿ ಮಾಡೋದು ಹೇಗೆ ಅಂತ ಹೇಳಲ್ಲ. ಸ್ಕ್ರೂಡ್ರೈವರ್ ಕೈಗೆ ತಗೋಬೇಡಿ. ಪತ್ತೆ ಹಚ್ಚೋದು ಹೇಗೆ, ಅಷ್ಟೇ.

ಮೊದಲು ಕರೆಂಟ್, ಆಮೇಲೆ ನೀರು

ಗೀಸರ್ ಕೆಳಗೆ ನೀರು ಕಂಡ ತಕ್ಷಣ ಎಲ್ರೂ ಮಾಡೋದು ಬಕೆಟ್ ಇಡೋದು. ಬಕೆಟ್ ಎರಡನೇ ಕೆಲಸ. ಮೊದಲನೇದು ಕರೆಂಟ್ ತೆಗೆಯೋದು. ಬಾತ್‌ರೂಮ್ ಹೊರಗಿನ ಸ್ವಿಚ್ ಆಫ್ ಮಾಡಿ, ಅದು ಸಾಲದು, ಮೇನ್ ಬೋರ್ಡಿಗೆ ಹೋಗಿ ಆ ಲೈನಿನ ಎಂಸಿಬಿಯನ್ನೂ ಕೆಳಗಿಳಿಸಿ. ಕೈ ಒಣಗಿರ್ಲಿ, ಕಾಲಲ್ಲಿ ಚಪ್ಪಲಿ ಇರ್ಲಿ.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ, ನಮ್ಮಲ್ಲಿ ಗೋಡೆಗೆ ನೇತುಹಾಕೋ ಗೀಸರ್‌ಗಳಲ್ಲಿ ಸಾಮಾನ್ಯವಾಗಿ ಕಾಯಿಲ್, ಥರ್ಮೋಸ್ಟಾಟ್, ವೈರ್ ಕನೆಕ್ಷನ್ ಎಲ್ಲ ಇರೋದು ಕೆಳಗಡೆ, ಆ ಪ್ಲಾಸ್ಟಿಕ್ ಮುಚ್ಚಳದ ಒಳಗೆ. ಮೇಲಿಂದ ಸೋರಿದ ನೀರು ಇಳಿದು ಬರೋದೂ ಅಲ್ಲಿಗೇ. ಅಂದ್ರೆ 230 ವೋಲ್ಟ್ ಮತ್ತು ನೀರು ಒಂದೇ ಡಬ್ಬಿಯಲ್ಲಿ.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತೆ ಬಿಡಿ" ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಇಲ್ಲಿ ಸ್ವಲ್ಪ ಲೆಕ್ಕ ನೋಡಿ. 2000 ವ್ಯಾಟ್ ಗೀಸರ್ ಎಳೆಯೋದು ಸುಮಾರು 9 ಆಂಪಿಯರ್. ಅದಕ್ಕೆ ಹಾಕೋ ಎಂಸಿಬಿ ಸಾಮಾನ್ಯವಾಗಿ 16 ಆಂಪಿಯರ್‌ದು. ಅದಕ್ಕಿಂತ ಜಾಸ್ತಿ ಕರೆಂಟ್ ಹರಿದ್ರೆ ಮಾತ್ರ ಅದು ಬೀಳೋದು. ಮನುಷ್ಯನ ಜೀವಕ್ಕೆ ಅಪಾಯ ಆಗೋಕೆ ಆಂಪಿಯರ್‌ಗಟ್ಟಲೆ ಬೇಕಿಲ್ಲ, ಮಿಲಿಆಂಪಿಯರ್ ಸಾಕು. ಅದು ಎಂಸಿಬಿಯ ಕಣ್ಣಿಗೇ ಬೀಳಲ್ಲ. ಎಂಸಿಬಿ ಕಾಯೋದು ವೈರನ್ನ, ನಿಮ್ಮನ್ನಲ್ಲ. ನಿಮ್ಮನ್ನ ಕಾಯೋದು ಆರ್‌ಸಿಸಿಬಿ. ಮನೆಗಳಿಗೆ ಹಾಕೋದು 30 ಮಿಲಿಆಂಪಿಯರ್‌ದು. ಹೋದಷ್ಟು ಕರೆಂಟ್ ವಾಪಸ್ ಬರಲಿಲ್ಲ ಅಂದ್ರೆ ಕ್ಷಣದಲ್ಲಿ ಲೈನ್ ಕಟ್ ಮಾಡುತ್ತೆ. ಬೋರ್ಡಲ್ಲಿ 'ಟಿ' ಅಥವಾ 'ಟೆಸ್ಟ್' ಅಂತ ಪುಟ್ಟ ಬಟನ್ ಇರೋ ಸ್ವಿಚ್ ಇದ್ರೆ ಅದೇ. ಬಟನ್ ಒತ್ತಿದ್ರೆ ಟ್ರಿಪ್ ಆಗಬೇಕು. ಆಗದಿದ್ರೆ ಅದು ಕೆಲಸ ಮಾಡ್ತಿಲ್ಲ ಅಂತ ಅರ್ಥ. ಹಳೇ ಮನೆಗಳಲ್ಲಿ, ಮನೆ ಮೇಲೆ ಕಟ್ಟಿದ ಒಂಟಿ ರೂಮುಗಳಲ್ಲಿ ಇದು ಇಲ್ಲದೇ ಇರೋದೂ ಉಂಟು. ಒಂದ್ಸಲ ನೋಡ್ಕೊಳ್ಳಿ.

ನಲ್ಲಿ ಮುಟ್ಟಿದಾಗ ಸ್ವಲ್ಪ ಜುಂ ಅನ್ನುತ್ತಾ? ಗೀಸರ್ ಹಾಕಿದ ಕೂಡ್ಲೇ ಆರ್‌ಸಿಸಿಬಿ ಬೀಳುತ್ತಾ? ಹಾಗಿದ್ರೆ ಕಾಯಿಲ್‌ನ ಹೊರಕವಚ ಬಿರುಕು ಬಿಟ್ಟಿರಬಹುದು, ವೈರಿಂಗ್‌ಗೆ ನೀರು ತಾಗಿರಬಹುದು, ಅರ್ತಿಂಗೇ ಸರಿ ಇಲ್ಲದಿರಬಹುದು. ಇವತ್ತಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಆಫ್ ಮಾಡಿ, ಎಲೆಕ್ಟ್ರಿಶಿಯನ್ ಬರೋವರೆಗೂ ಒಲೆ ಮೇಲೆ ನೀರು ಕಾಯಿಸ್ಕೊಳ್ಳಿ.

ಗೀಸರ್ ಒಳಗೆ ಏನಿದೆ?

ಹೊರಗೆ ಕಾಣೋ ಪ್ಲಾಸ್ಟಿಕ್ ಅಥವಾ ತಗಡಿನ ಬಾಡಿ ಬರೀ ಅಂಗಿ. ಒಳಗೆ ಉಕ್ಕಿನ ಟ್ಯಾಂಕ್ ಇದೆ, ಅದರ ಒಳಮೈಗೆ ಗಾಜಿನಂಥ ಲೇಪನ ಇರುತ್ತೆ. ಟ್ಯಾಂಕಿಗೂ ಅಂಗಿಗೂ ಮಧ್ಯೆ ಶಾಖ ಹೊರಗೆ ಹೋಗದ ಹಾಗೆ ಫೋಮ್ ತುಂಬಿರ್ತಾರೆ. ಕೆಳಗಡೆ ಎರಡು ಪೈಪ್: ನೀಲಿ ಗುರುತಿನದ್ದು ತಣ್ಣೀರು ಒಳಗೆ ಹೋಗೋದು, ಕೆಂಪು ಗುರುತಿನದ್ದು ಬಿಸಿನೀರು ಹೊರಗೆ ಬರೋದು. ಕಾಯಿಲ್ ಕೂರಿಸಿರೋ ಜಾಗದಲ್ಲಿ ಒಂದು ರಬ್ಬರ್ ಗ್ಯಾಸ್ಕೆಟ್. ಒಳಗೆ ಮೆಗ್ನೀಸಿಯಂ ರಾಡ್, ಅದಕ್ಕೆ ಆನೋಡ್ ಅಂತಾರೆ. ಇನ್ನು ತಣ್ಣೀರಿನ ಪೈಪ್ ಸೇರೋ ಕಡೆ ಚಿಕ್ಕ ಬಾಯಿ ಇರೋ ಒಂದು ಸೇಫ್ಟಿ ವಾಲ್ವ್.

ಈ ವಾಲ್ವ್ ಯಾಕೆ ಬೇಕು? ಅಜ್ಜಿ ಮನೆ ಬಚ್ಚಲಿನ ಹಂಡೆ ನೆನಪಿಸ್ಕೊಳ್ಳಿ. ಅದಕ್ಕೆ ಬಾಯಿ ತೆರೆದೇ ಇರುತ್ತೆ. ನೀರು ಎಷ್ಟೇ ಕುದಿದ್ರೂ ಹಬೆ ಮೇಲೆ ಹೋಗುತ್ತೆ, ಯಾರಿಗೂ ತೊಂದರೆ ಇಲ್ಲ. ಗೀಸರ್ ಹಂಡೆ ಅಲ್ಲ, ಕುಕ್ಕರ್. ಎಲ್ಲ ಕಡೆ ಮುಚ್ಚಿದೆ. ಕುಕ್ಕರ್‌ಗೆ ಸೇಫ್ಟಿ ವಾಲ್ವ್ ಹೇಗೋ ಗೀಸರ್‌ಗೆ ಇದು ಹಾಗೆ. ಇದನ್ನ ತಲೇಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪರೀಕ್ಷೆ ಒಂದು: ಒರೆಸಿ, ಕಾಯಿರಿ

ಕರೆಂಟ್ ಆಫ್ ಇದೆ. ಒಣ ಬಟ್ಟೆ ತಗೊಂಡು ಪೈಪು, ಜಾಯಿಂಟು, ವಾಲ್ವು, ಗೀಸರ್ ತಳ ಎಲ್ಲ ಚೆನ್ನಾಗಿ ಒರೆಸಿ. ಆಮೇಲೆ ಟಿಶ್ಯೂ ಪೇಪರನ್ನ ಒಂದೊಂದು ಜಾಯಿಂಟಿಗೂ ಸುತ್ತಿ. ಹತ್ತು ಹದಿನೈದು ನಿಮಿಷ ಬಿಟ್ಟು ಬಂದು ಮೊಬೈಲ್ ಟಾರ್ಚ್ ಹಾಕಿ ನೋಡಿ. ಯಾವ ಪೇಪರ್ ಮೊದಲು ಒದ್ದೆ ಆಯ್ತು?

ನೀರು ಸೋರೋ ಜಾಗವೇ ಬೇರೆ, ಹನಿ ಬೀಳೋ ಜಾಗವೇ ಬೇರೆ. ನೀರು ಪೈಪಿನ ಮೈ ಹಿಡ್ಕೊಂಡು ಇಳಿದು, ಎಲ್ಲಿ ತಗ್ಗಿದೆಯೋ ಅಲ್ಲಿ ತೊಟ್ಟಿಕ್ಕುತ್ತೆ. ಅದಕ್ಕೇ ಕೆಳಗಿನ ಹನಿ ನೋಡಬೇಡಿ, ಅತಿ ಮೇಲಿನ ಒದ್ದೆ ಜಾಗ ಹುಡುಕಿ.

ಹಾಗೇ ಕಲೆಗಳನ್ನೂ ನೋಡಿ. ಜಾಯಿಂಟಿನ ಸುತ್ತ ಬಿಳಿ ಪುಡಿ ಕಟ್ಟಿದ್ರೆ ಅಲ್ಲಿ ತುಂಬಾ ದಿನದಿಂದ ನಿಧಾನಕ್ಕೆ ಜಿನುಗ್ತಿದೆ. ನೀರು ಆರಿ ಹೋಗಿದೆ, ಗಡಸು ನೀರಿನ ಲವಣ ಉಳಿದಿದೆ. ಕಂದು ಬಣ್ಣದ ನೀರು ಗೀಸರ್ ಬಾಡಿಯ ಒಳಗಿಂದಲೇ ಇಳೀತಿದ್ರೆ ಅದು ತುಕ್ಕು. ಒಳ್ಳೇ ಸುದ್ದಿ ಅಲ್ಲ.

ಪರೀಕ್ಷೆ ಎರಡು: ಒಳಗೆ ಬರೋ ನೀರು ನಿಲ್ಲಿಸಿ

ಗೀಸರ್‌ಗೆ ಹೋಗೋ ತಣ್ಣೀರಿನ ಪೈಪ್ ಗೋಡೆಯಿಂದ ಹೊರಡೋ ಕಡೆ ಸಣ್ಣ ಕಾಕ್ ಇರುತ್ತೆ. ಅದನ್ನ ಮುಚ್ಚಿ. ಬಿಸಿನೀರಿನ ನಲ್ಲಿ ಒಂದು ಕ್ಷಣ ತೆಗೆದು ಮುಚ್ಚಿ, ಒಳಗಿನ ಒತ್ತಡ ಇಳಿಯುತ್ತೆ. ಒಳಗೆ ಬಿಸಿನೀರಿದ್ರೆ ಕೈ ಜೋಪಾನ.

ಈಗ ಸೋರೋದು ಬೇಗ ನಿಂತು ಹೋಯ್ತಾ? ಹಾಗಾದ್ರೆ ನೀರನ್ನ ಹೊರಗೆ ತಳ್ತಿದ್ದದ್ದು ಲೈನಿನ ಒತ್ತಡ. ಕನೆಕ್ಷನ್ ಪೈಪು, ಅದರ ವಾಷರ್, ಟೆಫ್ಲಾನ್ ಟೇಪ್ ಸುತ್ತಿರೋ ಜಾಯಿಂಟ್, ಇವುಗಳ ಮೇಲೆ ಅನುಮಾನ ಪಡಿ. ಸಾಮಾನ್ಯವಾಗಿ ಕಮ್ಮಿ ಖರ್ಚಿನ ಕೆಲಸ.

ನಿಲ್ಲದೆ ಸೋರ್ತಾನೇ ಇದೆಯಾ? ಹಾಗಾದ್ರೆ ಟ್ಯಾಂಕಿನಲ್ಲಿ ತುಂಬಿರೋ ನೀರೇ ಹೊರಗೆ ಬರ್ತಿದೆ. ಟ್ಯಾಂಕಿಗೆ ಅಂಟಿಕೊಂಡ ಜಾಯಿಂಟ್ ಇರಬಹುದು, ಗ್ಯಾಸ್ಕೆಟ್ ಇರಬಹುದು, ಟ್ಯಾಂಕೇ ತೂತಾಗಿರಬಹುದು. ಜಾಯಿಂಟಿನ ಟಿಶ್ಯೂ ಒಣಗಿದ್ದು, ಕೆಳಗಿನ ಮುಚ್ಚಳದ ಒಳಗಿಂದ ನೀರು ಬರ್ತಿದ್ರೆ ಉಳಿಯೋದು ಕೊನೆಯ ಎರಡೇ.

ಪರೀಕ್ಷೆ ಮೂರು: ಮಗ್ ಇಟ್ಟು ಅಳೆಯಿರಿ

ಈ ಪರೀಕ್ಷೆಗೆ ಗೀಸರ್ ಆನ್ ಮಾಡಬೇಕು. ಹಾಗಾಗಿ ಸೇಫ್ಟಿ ವಾಲ್ವ್‌ನ ಬಾಯಿಂದ ಮಾತ್ರ ಹನಿ ಬರ್ತಿದ್ದು, ಮುಚ್ಚಳ ವೈರು ಎಲ್ಲ ಒಣಗಿದ್ದು, ಆರ್‌ಸಿಸಿಬಿ ಸರಿಯಾಗಿದ್ರೆ ಮಾತ್ರ ಮಾಡಿ. ಮುಚ್ಚಿದ ಕಾಕ್ ತೆಗೆದು, ಬಿಸಿನೀರಿನ ನಲ್ಲಿಯಲ್ಲಿ ನೀರು ಸರಾಗವಾಗಿ ಬರೋದನ್ನ ನೋಡಿ, ಅಂದ್ರೆ ಟ್ಯಾಂಕ್ ತುಂಬಿದೆ ಅಂತ, ಆಮೇಲೆ ಆನ್ ಮಾಡಿ. ವಾಲ್ವ್ ಕೆಳಗೆ ಒಂದು ಮಗ್ ಇಡಿ. ನೀರು ಪೂರ್ತಿ ಕಾದು ಲೈಟ್ ಆರೋವರೆಗೂ ಬಿಸಿನೀರು ಬಳಸಬೇಡಿ. ಆಮೇಲೆ ಆಫ್ ಮಾಡಿ, ಮಗ್ಗಲ್ಲಿ ಎಷ್ಟು ನೀರಿದೆ ನೋಡಿ.

ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ನೀರು ಕಾದಾಗ ಹಿಗ್ಗುತ್ತೆ. 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸಿದ್ರೆ ಶೇಕಡಾ 1.7ರಷ್ಟು. 15 ಲೀಟರ್ ಗೀಸರ್ ಅಂದ್ರೆ ಹತ್ತಿರತ್ತಿರ 250 ಮಿಲಿಲೀಟರ್, ಒಂದು ಲೋಟ ನೀರು. ವಾಲ್ವ್ ನೀರನ್ನ ಹಿಂದಕ್ಕೆ ಪೈಪಿಗೆ ಹೋಗೋಕೆ ಬಿಡಲ್ಲ, ನಲ್ಲಿ ಮುಚ್ಚಿದೆ, ಹಾಗಾದ್ರೆ ಆ ಹೆಚ್ಚುವರಿ ಲೋಟ ನೀರು ಎಲ್ಲಿಗೆ ಹೋಗಬೇಕು? ವಾಲ್ವ್ ಬಾಯಿಂದ ಹೊರಗೆ. ಅಂದ್ರೆ ಕಾಯುವಾಗ ಮಾತ್ರ, ಒಂದು ಲೋಟದೊಳಗೆ ಹನಿ ಬಿದ್ದು ನಿಂತ್ರೆ ನಿಮ್ಮ ಗೀಸರ್ ಸೋರ್ತಿಲ್ಲ, ತನ್ನ ಕೆಲಸ ಮಾಡ್ತಿದೆ. ಇದನ್ನ ಸೋರಿಕೆ ಅಂತ ದುಡ್ಡು ಖರ್ಚು ಮಾಡೋ ಅಗತ್ಯ ಇಲ್ಲ. ಮೂರು ಲೀಟರಿನ ಪುಟ್ಟ ಗೀಸರ್ ಆದ್ರೆ ಬರೀ 50 ಮಿಲಿಲೀಟರ್.

ಗೀಸರ್ ಆಫ್ ಇದ್ದು ನೀರು ತಣ್ಣಗಿದ್ದಾಗಲೂ ವಾಲ್ವ್ ತೊಟ್ಟಿಕ್ಕುತ್ತಾ? ಆಗ ಎರಡರಲ್ಲಿ ಒಂದು. ವಾಲ್ವ್ ಒಳಗೆ ಕಸ ಅಥವಾ ಸುಣ್ಣ ಕೂತು ಸರಿಯಾಗಿ ಮುಚ್ಚಿಕೊಳ್ತಿಲ್ಲ, ಇಲ್ಲ ಲೈನಿನ ಒತ್ತಡ ಜಾಸ್ತಿ ಇದೆ. ಟ್ಯಾಂಕ್ ನಿಮ್ಮ ತಲೆಯಿಂದ 10 ಮೀಟರ್ ಎತ್ತರದಲ್ಲಿದ್ರೆ ಒತ್ತಡ ಸುಮಾರು 1 ಬಾರ್. ಎರಡು ಮೂರು ಮಹಡಿಯ ಮನೆಗೆ ಇದು ಏನೂ ಅಲ್ಲ. ಆದ್ರೆ ಎತ್ತರದ ಅಪಾರ್ಟ್‌ಮೆಂಟ್‌ಗಳಲ್ಲಿ, ಪ್ರೆಶರ್ ಪಂಪ್ ಇರೋ ಕಡೆ ಇದು ಬಹಳ ಜಾಸ್ತಿ ಆಗಬಹುದು. ಗೀಸರ್ ಮೈಮೇಲಿನ ಸ್ಟಿಕ್ಕರ್‌ನಲ್ಲಿ ಎಷ್ಟು ಒತ್ತಡ ತಡೆಯುತ್ತೆ ಅಂತ ಬರೆದಿರ್ತಾರೆ, 8 ಬಾರ್ ಅಥವಾ 0.8 ಎಂಪಿಎ ಅಂತ. ಎರಡೂ ಒಂದೇ. ಪಂಪ್ ಓಡುವಾಗ ಮಾತ್ರ ಹನಿ ಬಂದ್ರೆ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್‌ನವರ ಹತ್ರ ಮಾತಾಡಿ, ಗೀಸರ್ ಮೆಕ್ಯಾನಿಕ್ ಹತ್ರ ಅಲ್ಲ.

ಮತ್ತೆ ಒಂದು ವಿಷಯ, ದಯವಿಟ್ಟು. ಹನಿ ಕಿರಿಕಿರಿ ಅಂತ ಆ ವಾಲ್ವ್ ಬಾಯಿಗೆ ಪ್ಲಗ್ ಹಾಕೋದು, ಎಂ-ಸೀಲ್ ಮೆತ್ತೋದು, ಬಟ್ಟೆ ತುರುಕೋದು ಮಾಡಬೇಡಿ. ಯಾರಾದ್ರೂ ಮಾಡ್ತೀನಿ ಅಂದ್ರೂ ಬಿಡಬೇಡಿ. ಕುಕ್ಕರಿನ ಸೇಫ್ಟಿ ವಾಲ್ವ್ ಮುಚ್ಚಿ ಸ್ಟವ್ ಮೇಲೆ ಇಟ್ಟ ಹಾಗೆ ಅದು. ಥರ್ಮೋಸ್ಟಾಟ್ ಕೆಟ್ಟು ನೀರು ಕಾಯ್ತಾನೇ ಹೋದ ದಿನ, ಆ ಟ್ಯಾಂಕಿಗೆ ಒಡೆಯೋದು ಬಿಟ್ಟು ಬೇರೆ ದಾರಿ ಇರಲ್ಲ. ಹನಿ ಬೇಡ ಅಂದ್ರೆ ವಾಲ್ವ್ ಬಾಯಿಗೆ ಸಣ್ಣ ಟ್ಯೂಬ್ ಹಾಕಿ ಕೆಳಗಿನ ಜಾಲರಿಯವರೆಗೆ ಇಳಿಬಿಡಿ. ಟ್ಯೂಬಿನ ತುದಿ ತೆರೆದಿರಬೇಕು, ಅಷ್ಟೇ.

ಪರೀಕ್ಷೆ ನಾಲ್ಕು: ಗೋಡೆನಾ, ಗೀಸರಾ?

ಕೆಲವು ಸಲ ಗೀಸರ್ ನಿರಪರಾಧಿ. ಗೋಡೆಯೊಳಗೆ ಹೋಗಿರೋ ಪೈಪ್ ಬಿರುಕು ಬಿಟ್ಟು ಟೈಲ್ಸ್ ಸಂದಿಯಿಂದ ನೀರು ಜಿನುಗ್ತಾ ಇರುತ್ತೆ, ನಾವು ಮೇಲೆ ಕಾಣೋ ಗೀಸರ್‌ನ ಬೈತಿರ್ತೀವಿ.

ಗೀಸರ್‌ಗೆ ಹೋಗೋ ಕಾಕ್ ಮುಚ್ಚಿ, ಒಂದು ದಿನ ಬಿಸಿನೀರು ಬಳಸಬೇಡಿ. ಗೋಡೆಯ ಒದ್ದೆ ಕಮ್ಮಿ ಆಯ್ತು ಅಂದ್ರೆ ದೋಷ ಗೀಸರ್ ಅಥವಾ ಬಿಸಿನೀರಿನ ಲೈನಿನದ್ದು. ಹಾಗೇ ಇದೆ ಅಂದ್ರೆ ತಣ್ಣೀರಿನ ಲೈನು, ಇಲ್ಲ ಮೇಲಿನ ಮನೆಯ ಬಾತ್‌ರೂಮು. ಒದ್ದೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಫೋಟೋ ತೆಗೆದಿಡಿ, ಮರುದಿನ ಇನ್ನೊಂದು ತೆಗೀರಿ. ವಾಟ್ಸಾಪ್‌ನಲ್ಲಿ ಓನರ್‌ಗೆ ಕಳಿಸೋಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಿಲ್ಲ.

ಏನಾಗಿದ್ರೆ ಏನು ಮಾಡಬೇಕು?

ಕನೆಕ್ಷನ್ ಪೈಪ್, ವಾಷರ್: ಹೊಸದು ಹಾಕಿಸಿ. ಪ್ಲಂಬರ್‌ಗೆ ಅರ್ಧ ಗಂಟೆ ಕೆಲಸ.

ಸೇಫ್ಟಿ ವಾಲ್ವ್: ಬದಲಿಸಬಹುದು. ಅದೇ ಒತ್ತಡದ ರೇಟಿಂಗ್ ಇರೋದನ್ನೇ ಹಾಕ್ಬೇಕು ಅಂತ ಹೇಳಿ.

ಗ್ಯಾಸ್ಕೆಟ್: ಇದೂ ಬದಲಾಗೋ ವಸ್ತು. ಟ್ಯಾಂಕ್ ಖಾಲಿ ಮಾಡಿ, ಕಾಯಿಲ್ ತೆಗೆದು, ಹೊಸ ರಬ್ಬರ್ ಕೂರಿಸ್ತಾರೆ. ಹೇಗೂ ತೆರೆದಿರ್ತಾರಲ್ಲ, ಆನೋಡ್ ರಾಡ್ ಎಷ್ಟು ಸವೆದಿದೆ ತೋರಿಸಿ ಅಂತ ಕೇಳಿ.

ಟ್ಯಾಂಕ್ ತೂತು: ಇದಕ್ಕೆ ರಿಪೇರಿ ಇಲ್ಲ ಅಂತಲೇ ಇಟ್ಕೊಳ್ಳಿ. "ವೆಲ್ಡಿಂಗ್ ಮಾಡಿಸ್ಕೊಡ್ತೀನಿ" ಅಂದ್ರೆ ಒಪ್ಪಬೇಡಿ. ವೆಲ್ಡಿಂಗ್ ಶಾಖಕ್ಕೆ ಒಳಗಿನ ಗಾಜಿನ ಲೇಪನ ಹಾಳಾಗುತ್ತೆ, ತುಕ್ಕು ಪಕ್ಕದಲ್ಲೇ ಮತ್ತೆ ಶುರುವಾಗುತ್ತೆ. "ಹೋದ ವರ್ಷ ತಾನೇ ಎರಡು ಸಾವಿರ ಹಾಕಿದೀನಿ, ಈಗ ಹೇಗೆ ಬಿಸಾಕೋದು" ಅಂತ ಮನಸ್ಸು ಎಳೆಯುತ್ತೆ. ಕಾಮರ್ಸ್ ಓದಿದವರಿಗೆ ಗೊತ್ತಿರುತ್ತೆ, ಅದು ಮುಳುಗಿದ ಖರ್ಚು. ಹೋದ ದುಡ್ಡು ಇವತ್ತಿನ ನಿರ್ಧಾರಕ್ಕೆ ಬರಬಾರದು. ಇವತ್ತು ಹಾಕೋ ದುಡ್ಡು ಎಷ್ಟು ದಿನ ಬರುತ್ತೆ, ಅದೊಂದೇ ಪ್ರಶ್ನೆ.

ಆದ್ರೆ ಹೊಸದಕ್ಕೆ ಹೋಗೋ ಮುಂಚೆ ವಾರಂಟಿ ಕಾರ್ಡ್ ನೋಡಿ. ಗೀಸರ್‌ಗೆ ಒಂದೇ ವಾರಂಟಿ ಅಂತ ನಾವು ಅಂದ್ಕೊಂಡಿರ್ತೀವಿ. ಸಾಮಾನ್ಯವಾಗಿ ಬೇರೆ ಬೇರೆ ಇರುತ್ತೆ: ಇಡೀ ಗೀಸರ್‌ಗೆ ಕಮ್ಮಿ ವರ್ಷ, ಕಾಯಿಲ್‌ಗೆ ಬೇರೆ, ಒಳಗಿನ ಟ್ಯಾಂಕಿಗೆ ಎಲ್ಲಕ್ಕಿಂತ ಜಾಸ್ತಿ. ಐದು, ಏಳು ವರ್ಷ ಕೊಡೋ ಕಂಪನಿಗಳೂ ಇವೆ. "ವಾರಂಟಿ ಎರಡೇ ವರ್ಷ, ಮುಗೀತು" ಅಂತ ಬಿಟ್ಟ ಗೀಸರ್‌ನ ಟ್ಯಾಂಕ್ ಇನ್ನೂ ವಾರಂಟಿಯಲ್ಲೇ ಇರಬಹುದು. ಸೀರಿಯಲ್ ನಂಬರ್ ಫೋಟೋ ತೆಗೆದು, ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಆಮೇಲೆ ಬೇರೆಯವರಿಗೆ. ಹೊರಗಿನವರು ಬಿಚ್ಚಿದ್ರೆ ವಾರಂಟಿ ಕೊಡಲ್ಲ ಅನ್ನೋಕೆ ಅವರಿಗೆ ಕಾರಣ ಸಿಕ್ಕ ಹಾಗಾಗುತ್ತೆ. ವಾರಂಟಿ ಇದ್ದೂ ಸತಾಯಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915.

ಮೆಕ್ಯಾನಿಕ್ ಬಂದಾಗ ಜಗಳ ಆಡೋದು ಬೇಡ. ಮೂರೇ ಮಾತು. "ಅಣ್ಣ, ಎಲ್ಲಿಂದ ಸೋರ್ತಿದೆ ತೋರಿಸಿ, ವಿಡಿಯೋ ತಗೋತೀನಿ." "ಬದಲಿಸಿದ ಹಳೇ ಪಾರ್ಟ್ ನನಗೆ ಕೊಟ್ಟುಬಿಡಿ." "ಬಿಲ್‌ನಲ್ಲಿ ಏನು ಮಾಡಿದ್ರಿ ಅಂತ ಬರೆದುಕೊಡಿ." ಒಳ್ಳೇ ಕೆಲಸಗಾರರು ಈ ಮೂರಕ್ಕೂ ಬೇಜಾರು ಮಾಡ್ಕೊಳ್ಳಲ್ಲ. ಪರೀಕ್ಷೆ ಮಾಡಿರೋದನ್ನೂ ಹೇಳಿ: "ಕಾಕ್ ಮುಚ್ಚಿದ್ರೂ ನಿಲ್ತಿಲ್ಲ, ಜಾಯಿಂಟ್ ಒಣಗಿದೆ." ಅವರ ಕೆಲಸವೂ ಸುಲಭ ಆಗುತ್ತೆ.

ದುಡ್ಡು ಯಾರು ಕೊಡಬೇಕು?

ಇದು ನೀವು ಕಾಯ್ತಿದ್ದ ಭಾಗ ಅಂತ ಗೊತ್ತು.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಡ್ತು. ಅದರ ಎರಡನೇ ಶೆಡ್ಯೂಲ್‌ನಲ್ಲಿ ಯಾವ ರಿಪೇರಿ ಯಾರದ್ದು ಅಂತ ಪಟ್ಟಿ ಇದೆ. ಪ್ಲಂಬಿಂಗ್ ಪೈಪ್ ಬದಲಿಸೋದು, ವೈರಿಂಗ್ ಕೆಲಸ ಮಾಲೀಕರ ಪಟ್ಟಿಯಲ್ಲಿದೆ. ನಲ್ಲಿ ವಾಷರ್ ಮತ್ತು, ಗಮನಿಸಿ, ಗೀಸರ್ ರಿಪೇರಿ ಬಾಡಿಗೆದಾರರ ಪಟ್ಟಿಯಲ್ಲಿದೆ. ಇದು ಮಾದರಿ ಅಷ್ಟೇ, ಒಂದು ರಾಜ್ಯ ತನ್ನದೇ ಕಾನೂನಾಗಿ ತಂದಾಗ ಮಾತ್ರ ಅಲ್ಲಿ ಕಡ್ಡಾಯ. ಆದ್ರೆ ಮಾತುಕತೆ ಎಲ್ಲಿಂದ ಶುರುವಾಗಬಹುದು ಅನ್ನೋ ಅಂದಾಜು ಇದರಿಂದ ಸಿಗುತ್ತೆ.

ನಿಮಗೆ ಮೊದಲು ಬೇಕಿರೋದು ನಿಮ್ಮ ಅಗ್ರಿಮೆಂಟ್. ಗೀಸರ್ ಮನೆ ಜೊತೆ ಬಂದ ಸಾಮಾನಿನ ಪಟ್ಟಿಯಲ್ಲಿದೆಯಾ? 'ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು' ಅಂತ ಇದೆಯಾ? ಇಲ್ಲೇ ನೋಡಿ ಪರೀಕ್ಷೆಯ ಬೆಲೆ. ವಾಷರ್ ಹೋಗಿದ್ರೆ ನೀವೇ ಹಾಕಿಸ್ಕೊಳ್ಳಿ, ಅದಕ್ಕೆ ಓನರ್ ಆಂಟಿಗೆ ಫೋನ್ ಮಾಡೋದು ಬೇಡ. ಗೋಡೆಯೊಳಗಿನ ಪೈಪ್ ಆದ್ರೆ ಅದು ಅವರ ಮನೆ, ಅವರ ಗೋಡೆ. ನೀವು ಬರೋ ಮುಂಚೆಯೇ ಎಂಟು ವರ್ಷ ಓಡಿದ ಗೀಸರ್‌ನ ಟ್ಯಾಂಕ್ ನೀವು ಬಂದ ಆರನೇ ತಿಂಗಳಿಗೆ ತೂತಾದ್ರೆ, ಅದು ವಯಸ್ಸಾಗಿ ಹೋದದ್ದು, ನೀವು ಕೆಡಿಸಿದ್ದಲ್ಲ. ಹೊಸ ಗೀಸರ್ ಮನೆಯಲ್ಲೇ ಉಳಿಯೋದು, ಹಾಗಾಗಿ ಅವರು ಹಾಕಿಸಿಕೊಡೋದು ನ್ಯಾಯ. ಒಪ್ಪದಿದ್ರೆ ಇನ್ನೊಂದು ದಾರಿ ಇದೆ: ನೀವೇ ಕೊಂಡು ಹಾಕಿಸಿ, ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗ್ತೀನಿ ಅಂತ ಮೆಸೇಜ್‌ನಲ್ಲಿ ಒಪ್ಪಿಗೆ ತಗೊಳ್ಳಿ. ಬಾಯಿಮಾತಲ್ಲಿ ಬಿಟ್ರೆ ಅಡ್ವಾನ್ಸ್ ವಾಪಸ್ ಕೊಡೋ ದಿನ ಲೆಕ್ಕ ತಿರುಗುತ್ತೆ.

ಮತ್ತೆ ಸೋರದ ಹಾಗೆ

ಟ್ಯಾಂಕ್ ಉಳಿಸೋದು ಆ ಮೆಗ್ನೀಸಿಯಂ ರಾಡ್. ಅದು ಉಕ್ಕಿಗಿಂತ ಮೊದಲು ತಾನು ಸವೆಯುತ್ತೆ. ರಾಡ್ ಮುಗಿದ ಮೇಲೆ ಸರದಿ ಟ್ಯಾಂಕಿನದ್ದು. ಕಾವೇರಿ ನೀರು ಬರೋ ಮನೆಗಿಂತ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಯಲ್ಲಿ, ನೀರಲ್ಲಿ ಲವಣ ಜಾಸ್ತಿ ಇದ್ರೆ, ಅದು ಬೇಗ ಸವೆಯುತ್ತೆ. ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ರೆ 600ರವರೆಗೆ ನಡೆಯುತ್ತೆ ಅಂತಿದೆ. ಬಕೆಟ್ ಮೇಲೆ ಬಿಳಿ ಪೊರೆ, ಷವರ್ ತೂತು ಕಟ್ಟೋದು, ಸೋಪು ನೊರೆ ಬರದೇ ಇರೋದು, ಇವು ಕಂಡ್ರೆ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ರಾಡ್ ನೋಡಿಸಿ. ದಿನವಿಡೀ ಆನ್ ಇಡಬೇಡಿ. ಬಿಸಿ 55-60 ಡಿಗ್ರಿ ಸಾಕು, ತೀರಾ ಜಾಸ್ತಿ ಬಿಸಿಗೆ ಸುಣ್ಣವೂ ಜಾಸ್ತಿ ಕಟ್ಟುತ್ತೆ.

ನಾನು ಹೇಳಿದ್ದೆಲ್ಲ ಎಲೆಕ್ಟ್ರಿಕ್ ಗೀಸರ್‌ಗೆ. ಗ್ಯಾಸ್ ಗೀಸರ್ ಇರೋರಿಗೆ ನೀರಿಗಿಂತ ದೊಡ್ಡ ಭಯ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಿಟಕಿ ಮುಚ್ಚಿದ ಬಾತ್‌ರೂಮಿನೊಳಗೆ ಅದನ್ನ ಉರಿಸಲೇಬೇಡಿ.

ಕೊನೆಗೆ ಚಿಕ್ಕದಾಗಿ: ಮೊದಲು ಎಂಸಿಬಿ ಆಫ್. ಒರೆಸಿ ಟಿಶ್ಯೂ ಸುತ್ತಿ. ಕಾಕ್ ಮುಚ್ಚಿ ನಿಲ್ಲುತ್ತಾ ನೋಡಿ. ಎಲ್ಲ ಒಣಗಿದ್ರೆ ಮಾತ್ರ ಮಗ್ ಇಟ್ಟು ಅಳೆಯಿರಿ. ಗೋಡೆಗೆ ಪೆನ್ಸಿಲ್ ಗೆರೆ ಹಾಕಿ. ವಾಲ್ವ್ ಬಾಯಿ ಯಾವತ್ತೂ ಮುಚ್ಚಬೇಡಿ.

ನಿಮ್ಮ ಪಿಜಿಯಲ್ಲಿ, ರೂಮಲ್ಲಿ ಗೀಸರ್ ಕೆಳಗೆ ಪರ್ಮನೆಂಟಾಗಿ ಬಕೆಟ್ ಇಟ್ಟಿರೋ ಫ್ರೆಂಡ್ ಒಬ್ಬರು ಇದ್ದೇ ಇರ್ತಾರೆ. ಈ ಸಂಚಿಕೆನ ಅವರಿಗೆ ಕಳಿಸಿ.